ಕಾಳುಮೆಣಸನ್ನು ಕಣ್ಣಾರೆ ಕಂಡ ಯಾತ್ರಿಕ ಇಬ್ನ್ ಬತೂತ

ಸಂಕ್ರಾಂತಿ ಕಳೆಯಿತೆಂದರೆ ನಮ್ಮ ನಿಟ್ಟೂರಿನ ಸುತ್ತಮುತ್ತ ಮೆಣಸಿನ ಕೊಯ್ಲು ಶುರುವಾಗುತ್ತದೆ. ತೋಟವಿರುವ ಯಾರ ಮನೆಗೆ ಹೋದರೂ ಅಂಗಳದ ತುಂಬ ಕಾಳುಮೆಣಸು ಹರಡಿರುತ್ತದೆ. ಹಸಿರಾಗಿ ಬಂದ ಕಾಳು ನಾಲ್ಕೈದು ಬಿಸಿಲಿಗೆ ಕಪ್ಪಾಗಿ, ಮೈ ಸುಕ್ಕುಗಟ್ಟಿ ಗಟ್ಟಿಯಾಗುತ್ತದೆ. ಶಾಲೆ ಬಿಟ್ಟು ಬಂದ ಮಕ್ಕಳು ಪಾಟಿಚೀಲವನ್ನು ಜಗಲಿಯ ಮೇಲಿಟ್ಟು ಕಾಳು ಮಗುಚಿ ಹಾಕುತ್ತಾರೆ, ಕೋಳಿ ಓಡಿಸುತ್ತಾರೆ, ಮೋಡ ಕಂಡರೆ ಓಡಿಹೋಗಿ ರಾಶಿ ಮಾಡಿ ಮುಚ್ಚುತ್ತಾರೆ. ಇದು ನಮಗೆ ಎಷ್ಟು ಮಾಮೂಲು ಎಂದರೆ, ಇದರಲ್ಲಿ ಓದಿ ತಿಳಿಯುವಂಥದ್ದು ಏನಿದೆ ಎಂದು ಯಾರಿಗೂ ಅನಿಸುವುದಿಲ್ಲ.

ಆದರೆ ಸುಮಾರು 680 ವರ್ಷಗಳ ಹಿಂದೆ ಇದೇ ನೋಟವನ್ನು ಸಾವಿರಾರು ಮೈಲಿ ದೂರದ ಮೊರಾಕೊ ದೇಶದ ಒಬ್ಬ ಆಲಿಮರು ನಿಂತು ನೋಡಿದರು, ನೆನಪಿನಲ್ಲಿಟ್ಟುಕೊಂಡರು, ತಮ್ಮ ದೇಶಕ್ಕೆ ಹಿಂದಿರುಗಿ ಬರೆಸಿದರು. ಅವರು ಬರೆಸಿದ ಆ ನಾಲ್ಕು ಸಾಲುಗಳು ಒಂದು ದೊಡ್ಡ ತಪ್ಪು ತಿಳಿವಳಿಕೆಯನ್ನು ತಿದ್ದಿದವು. ಆ ಯಾತ್ರಿಕರೇ ಇಬ್ನ್ ಬತೂತ. ಅವರ ಹೆಸರು ಚರಿತ್ರೆಯ ಪಾಠದಲ್ಲಿ ಮುಹಮ್ಮದ್ ಬಿನ್ ತುಘಲಕನ ಜೊತೆ ಒಂದು ಅಂಕದ ಪ್ರಶ್ನೆಯಾಗಿ ಬಂದು ಹೋಗುತ್ತದೆ. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ಸ್ವಲ್ಪ ಹತ್ತಿರದಿಂದ ನೋಡಲಿ ಎಂಬ ಆಸೆಯಿಂದ ಈ ಲೇಖನ.

ಬಾಲ್ಯ ಮತ್ತು ಮೊದಲ ಸಫರ್

ಅಬೂ ಅಬ್ದುಲ್ಲಾ ಮುಹಮ್ಮದ್ ಇಬ್ನ್ ಬತೂತ ಹುಟ್ಟಿದ್ದು 1304ರ ಫೆಬ್ರವರಿಯಲ್ಲಿ, ಹಿಜರಿ 703ರ ರಜಬ್ ತಿಂಗಳಲ್ಲಿ, ಮೊರಾಕೊದ ಕಡಲತೀರದ ಟಾಂಜಿಯರ್ ಪಟ್ಟಣದಲ್ಲಿ. ಅವರದು ಖಾಝಿಗಳ ಮನೆತನ. ಮಾಲಿಕಿ ನ್ಯಾಯಶಾಸ್ತ್ರವನ್ನು ಓದಿದ ಅವರು ಊರಿನಲ್ಲೇ ಇದ್ದಿದ್ದರೆ ಬಹುಶಃ ತಂದೆ, ಅಜ್ಜಂದಿರ ಹಾಗೆಯೇ ಖಾಝಿಯಾಗಿ ನೆಮ್ಮದಿಯಾಗಿ ಬಾಳಬಹುದಿತ್ತು.

1325ರ ಜೂನ್ ತಿಂಗಳಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಹಜ್ ಯಾತ್ರೆಗೆಂದು ಒಬ್ಬರೇ ಹೊರಟರು. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಬಿಟ್ಟು ಹೊರಡುವಾಗ ಆದ ಸಂಕಟವನ್ನು ಅವರು ಮುಂದೆ ಮರೆಯದೆ ಹೇಳಿಕೊಂಡಿದ್ದಾರೆ. ಹಜ್ ಮುಗಿಸಿ ಒಂದೆರಡು ವರ್ಷಗಳಲ್ಲಿ ಬರಬೇಕಾಗಿದ್ದ ಮಗ ಮರಳಿ ಬಂದದ್ದು 24 ವರ್ಷಗಳ ನಂತರ.

ಈಜಿಪ್ಟ್, ಶಾಮ್, ಮಕ್ಕಾ, ಇರಾಕ್, ಪರ್ಷಿಯಾ, ಯೆಮನ್, ಆಫ್ರಿಕಾದ ಪೂರ್ವ ತೀರ, ತುರ್ಕಿಯ ಊರುಗಳು, ಮಧ್ಯ ಏಷ್ಯಾ, ಹೀಗೆ ಊರಿಂದ ಊರಿಗೆ ಅವರ ಪ್ರಯಾಣ ಸಾಗಿತು. ಒಮ್ಮೆ ನಡೆದ ದಾರಿಯಲ್ಲಿ ಆದಷ್ಟು ಮತ್ತೆ ನಡೆಯಬಾರದು ಎಂಬುದು ಅವರು ತಮಗೆ ಹಾಕಿಕೊಂಡ ನಿಯಮ. ಮದ್ರಸಗಳಲ್ಲಿ, ಖಾನ್‌ಖಾಗಳಲ್ಲಿ ತಂಗುತ್ತ, ಆಲಿಮರ ಮುಂದೆ ಕುಳಿತು ಕಲಿಯುತ್ತ, ಅರಬ್ಬಿ ಭಾಷೆ ಬಲ್ಲವರ ನೆರವಿನಿಂದ ಅವರು ಮುಂದೆ ಮುಂದೆ ಹೋದರು.

ದಿಲ್ಲಿಯ ಖಾಝಿ

ಅವರು ಸಿಂಧೂ ನದಿಯನ್ನು ತಲುಪಿದ್ದು 1333ರ ಸೆಪ್ಟೆಂಬರ್‌ನಲ್ಲಿ. ಆಗ ದಿಲ್ಲಿಯ ಸುಲ್ತಾನನಾಗಿದ್ದವನು ಮುಹಮ್ಮದ್ ಬಿನ್ ತುಘಲಕ್. ಪರದೇಶದ ವಿದ್ವಾಂಸರಿಗೆ ಅವನ ದರ್ಬಾರಿನಲ್ಲಿ ಬಹಳ ಮನ್ನಣೆ ಇತ್ತು. ಇಬ್ನ್ ಬತೂತರನ್ನು ಅವನು ದಿಲ್ಲಿಯ ಖಾಝಿಯಾಗಿ ನೇಮಿಸಿ ವರ್ಷಕ್ಕೆ 12,000 ದೀನಾರ್ ಸಂಬಳ ಗೊತ್ತು ಮಾಡಿದ. ಅಲ್ಲಿಯ ಭಾಷೆ ಅವರಿಗೆ ಚೆನ್ನಾಗಿ ಬಾರದ ಕಾರಣ ಸಹಾಯಕ್ಕೆ ಇಬ್ಬರನ್ನು ಕೊಟ್ಟ. ಆದರೆ ಸುಲ್ತಾನನ ಪ್ರೀತಿ ಎಷ್ಟು ದೊಡ್ಡದೋ ಕೋಪವೂ ಅಷ್ಟೇ ದೊಡ್ಡದು. ಅವನ ಅನುಮಾನಕ್ಕೆ ಗುರಿಯಾದ ಒಬ್ಬ ಸೂಫಿ ಸಂತರನ್ನು ಭೇಟಿ ಮಾಡಿದ್ದಕ್ಕಾಗಿ ಇಬ್ನ್ ಬತೂತರೂ ಕೆಲವು ದಿನ ಕಾವಲಿನಲ್ಲಿ ಇರಬೇಕಾಯಿತು. ಆ ಬಳಿಕ ಇದ್ದುದನ್ನೆಲ್ಲ ದಾನ ಮಾಡಿ ಫಕೀರನಂತೆ ಬದುಕಿದರು.

ಅದೇ ಸುಲ್ತಾನ ಅವರನ್ನು ಮತ್ತೆ ಕರೆಸಿ ಚೀನಾ ದೇಶದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದ. 1342ರ ಜುಲೈನಲ್ಲಿ ಕಾಣಿಕೆಗಳ ದೊಡ್ಡ ಪರಿವಾರದೊಡನೆ ದಿಲ್ಲಿ ಬಿಟ್ಟ ಅವರು ಗುಜರಾತಿನ ಖಂಬಾತಿಗೆ ಬಂದು, ಹಡಗು ಹತ್ತಿ, ಗೋವೆಯನ್ನು ಹಾದು ನಮ್ಮ ಕರಾವಳಿಗೆ ಬಂದರು.

ಹೊನ್ನಾವರದ ಮದ್ರಸಗಳು

ನಮ್ಮ ಹೊಸನಗರ ತಾಲ್ಲೂಕಿನ ಮೂಲಕ ಹರಿಯುವ ಶರಾವತಿ ಕಡಲು ಸೇರುವುದು ಹೊನ್ನಾವರದಲ್ಲಿ. ಇಬ್ನ್ ಬತೂತ ಅದನ್ನು ಹಿನೌರ್ ಎಂದು ಕರೆದಿದ್ದಾರೆ. ಆಗ ಅಲ್ಲಿ ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನನಿದ್ದ. ಅವನು ಹರ್ಯಬ್ ಎಂಬ ದೊಡ್ಡ ರಾಜನಿಗೆ ಅಧೀನನಾಗಿದ್ದನೆಂದು ಅವರು ಹೇಳುತ್ತಾರೆ. ಈ ಹರ್ಯಬ್ ವಿಜಯನಗರದ ಒಂದನೆಯ ಹರಿಹರನೇ ಇರಬೇಕೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ.

ಹೊನ್ನಾವರದಲ್ಲಿ ಅವರ ಮನಸ್ಸನ್ನು ಸೆಳೆದದ್ದು ಶಾಲೆಗಳು. ಹುಡುಗರಿಗಾಗಿ 23 ಮತ್ತು ಹುಡುಗಿಯರಿಗಾಗಿ 13 ಶಾಲೆಗಳು ಆ ಒಂದೇ ಪಟ್ಟಣದಲ್ಲಿ ಇದ್ದವೆಂದು ಅವರು ಎಣಿಸಿ ಹೇಳಿದ್ದಾರೆ. ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಅರ್ಧ ಲೋಕ ಸುತ್ತಿ ಬಂದಿದ್ದ ಅವರು ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದು ಒಪ್ಪಿಕೊಂಡರು. ಹೆಣ್ಣುಮಕ್ಕಳನ್ನು ಏಳನೆಯ ತರಗತಿಗೇ ಬಿಡಿಸಬೇಕೆ, ಮುಂದೆ ಓದಿಸಬೇಕೆ ಎಂದು ಇಂದಿಗೂ ಯೋಚಿಸುವ ಪೋಷಕರು ಈ ಹದಿಮೂರರ ಲೆಕ್ಕವನ್ನು ನೆನಪಿಡಬೇಕು. ಹೆಣ್ಣಿನ ಓದು ನಮ್ಮ ನೆಲಕ್ಕೆ ಇತ್ತೀಚೆಗೆ ಬಂದ ಹೊಸ ಪದ್ಧತಿಯಲ್ಲ.

ಸುಲ್ತಾನನ ಮನೆಯ ಊಟವನ್ನೂ ಅವರು ವಿವರವಾಗಿ ನೆನಪಿಟ್ಟುಕೊಂಡಿದ್ದರು. ತಾಮ್ರದ ತಟ್ಟೆಯಲ್ಲಿ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ ಮತ್ತು ಮಾವು. ಮಲೆನಾಡಿನ ಮನೆಗಳಲ್ಲಿ ಇಂದಿಗೂ ಹಸಿಮೆಣಸನ್ನು ಗೊಂಚಲು ಸಮೇತ ಉಪ್ಪು, ನಿಂಬೆರಸದಲ್ಲಿ ಹಾಕಿಡುತ್ತಾರಲ್ಲ, ಅದೇ ಉಪ್ಪಿನಕಾಯಿ. ಮುಂದೆ ಒಮ್ಮೆ ಹನ್ನೊಂದು ತಿಂಗಳು ಅಲ್ಲೇ ಉಳಿದಾಗ ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ತಿನ್ನಬೇಕಾದದ್ದು ಅವರಿಗೆ ಸ್ವಲ್ಪ ಕಷ್ಟವೇ ಆಯಿತು.

ಮೆಣಸಿನ ದೇಶ

ಹೊನ್ನಾವರದಿಂದ ಬಾರ್ಕೂರು, ಮಂಗಳೂರು, ಅಲ್ಲಿಂದ ಕೇರಳದ ಕಲ್ಲಿಕೋಟೆ. ಗೋವೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ನಡಿಗೆಯಷ್ಟು ಉದ್ದದ ಈ ತೀರವನ್ನೆಲ್ಲ ಅವರು ಮೆಣಸಿನ ದೇಶವೆಂದು ಕರೆದರು. ಫಾರಸ್ ಮತ್ತು ಯೆಮನಿನ ವರ್ತಕರು ಹೆಚ್ಚಾಗಿ ಮಂಗಳೂರಿನಲ್ಲಿ ಇಳಿಯುತ್ತಿದ್ದರು; ಮೆಣಸು, ಶುಂಠಿಗಳು ಅಲ್ಲಿ ಹೇರಳವಾಗಿ ದೊರೆಯುತ್ತಿದ್ದವು. ಅವರು ಘಟ್ಟ ಹತ್ತಿ ನಮ್ಮ ಕಡೆಗೆ ಬರಲಿಲ್ಲ. ಆದರೂ ಅವರು ವರ್ಣಿಸಿದ ಬಳ್ಳಿಯನ್ನು ನಾವು ನೋಡಿದ ಕೂಡಲೇ ಗುರುತಿಸಬಲ್ಲೆವು.

ಆ ಕಾಲದ ಹೊರದೇಶಗಳಲ್ಲಿ ಕಾಳುಮೆಣಸಿನ ಬೆಲೆ ಗೊತ್ತಿತ್ತು, ರುಚಿ ಗೊತ್ತಿತ್ತು, ಗಿಡ ಮಾತ್ರ ಗೊತ್ತಿರಲಿಲ್ಲ. ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ಸಂಸ್ಕೃತದ ಪಿಪ್ಪಲಿ ಎಂಬ ಮಾತಿನಿಂದಲೇ ಗ್ರೀಕರ ಪೆಪೆರಿ, ಅರಬ್ಬಿಯ ಫುಲ್‌ಫುಲ್, ಇಂಗ್ಲಿಷಿನ ಪೆಪ್ಪರ್ ಬಂದವು. ಆದರೆ ಪಿಪ್ಪಲಿ ಎಂದರೆ ನಮ್ಮ ಹಿಪ್ಪಲಿ. ಅದು ಕಾಳುಮೆಣಸಿನ ಕುಟುಂಬದ್ದೇ ಆದರೂ ಬೇರೆ ಬಳ್ಳಿ. ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಇವೆರಡೂ ಒಂದೇ ಗಿಡದ್ದೆಂದು ತಿಳಿದಿದ್ದ. ಏಳನೆಯ ಶತಮಾನದಲ್ಲಿ ಸ್ಪೇನಿನ ಇಸಿಡೋರ್ ಎಂಬ ವಿದ್ವಾಂಸ, ಮೆಣಸಿನ ಕಾಡನ್ನು ಹಾವುಗಳು ಕಾಯುತ್ತವೆ, ಹಾವನ್ನು ಓಡಿಸಲು ಜನ ಕಾಡಿಗೆ ಬೆಂಕಿ ಇಡುತ್ತಾರೆ, ಅದಕ್ಕೇ ಕಾಳು ಕಪ್ಪು ಎಂದು ಬರೆದ. ಇಬ್ನ್ ಬತೂತರ ಊರಿನ ಕಡೆಯವರೂ ಕಾಳನ್ನು ಬೆಂಕಿಯಲ್ಲಿ ಹುರಿಯುವುದರಿಂದ ಅದು ಸುಕ್ಕುಗಟ್ಟುತ್ತದೆಂದೇ ನಂಬಿದ್ದರು.

ಇಬ್ನ್ ಬತೂತ ಏನು ಮಾಡಿದರು? ನಿಂತು ನೋಡಿದರು. ಬಳ್ಳಿ ದ್ರಾಕ್ಷಿ ಬಳ್ಳಿಯ ಹಾಗಿದೆ, ತೆಂಗಿನ ಮರದ ಬುಡದಲ್ಲಿ ನೆಟ್ಟು ಮರಕ್ಕೆ ಹಬ್ಬಿಸುತ್ತಾರೆ, ಆದರೆ ದ್ರಾಕ್ಷಿಗಿರುವಂತೆ ಸುರುಳಿ ಸುತ್ತಿ ಹಿಡಿಯುವ ಎಳೆಗಳು ಇದಕ್ಕಿಲ್ಲ ಎಂದು ಗಮನಿಸಿದರು. ಕಾಯಿ ಸಣ್ಣ ಗೊಂಚಲುಗಳಲ್ಲಿ ಬಿಡುತ್ತದೆ. ಅದನ್ನು ಕೊಯ್ದು, ಒಣದ್ರಾಕ್ಷಿ ಮಾಡುವವರ ಹಾಗೆ ಚಾಪೆಯ ಮೇಲೆ ಬಿಸಿಲಿಗೆ ಹರಡಿ, ಪೂರ್ತಿ ಒಣಗಿ ಕಪ್ಪಾಗುವವರೆಗೆ ಮಗುಚುತ್ತಿರುತ್ತಾರೆ. ಬೆಂಕಿಯ ಮಾತು ಸುಳ್ಳು, ಸುಕ್ಕು ಬರುವುದು ಬಿಸಿಲಿನಿಂದ ಮಾತ್ರ ಎಂದು ಅವರು ಖಚಿತವಾಗಿ ಹೇಳಿದರು. ತಮ್ಮ ದೇಶದಲ್ಲಿ ಸಿರಿಧಾನ್ಯ ಅಳೆಯುವ ಹಾಗೆ ಕಲ್ಲಿಕೋಟೆಯಲ್ಲಿ ಮೆಣಸನ್ನು ಕೊಳಗಗಟ್ಟಲೆ ಸುರಿದು ಅಳೆಯುವುದನ್ನೂ ಕಂಡರು.

ವಿದ್ಯಾರ್ಥಿಗಳೇ, ಈ ಮಾತುಗಳನ್ನು ನೀವೇ ಪರೀಕ್ಷಿಸಬಹುದು. ತೋಟಕ್ಕೆ ಹೋಗಿ ಬಳ್ಳಿಯನ್ನು ನೋಡಿ. ಅದಕ್ಕೆ ಸುರುಳಿ ಎಳೆಗಳಿಲ್ಲ. ಗೆಣ್ಣಿನಲ್ಲಿ ಹುಟ್ಟುವ ಸಣ್ಣ ಬೇರುಗಳಿಂದ ಅದು ಮರವನ್ನು ಕಚ್ಚಿ ಹಿಡಿದಿರುತ್ತದೆ. ಇನ್ನು ಕಪ್ಪು ಬಣ್ಣದ ಮಾತು. ಹಸಿಕಾಳು ಒಣಗುವಾಗ ಸಿಪ್ಪೆಯೊಳಗಿನ ಕಿಣ್ವಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲಸ ಮಾಡುವುದರಿಂದ ಕಪ್ಪು ಬರುತ್ತದೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಅದೇ ಕಾಳು ಹಣ್ಣಾದ ಮೇಲೆ ನೆನೆಸಿ ಸಿಪ್ಪೆ ತೆಗೆದರೆ ಬಿಳಿಮೆಣಸು. ಕಿಣ್ವದ ವಿಚಾರ ಇಬ್ನ್ ಬತೂತರಿಗೆ ತಿಳಿದಿರಲಿಲ್ಲ. ಆದರೆ ಬೆಂಕಿಯಲ್ಲ, ಬಿಸಿಲು ಎಂಬಷ್ಟನ್ನು ಅವರ ಕಣ್ಣು ಸರಿಯಾಗಿ ಕಂಡಿತ್ತು. ಒಂದು ವ್ಯತ್ಯಾಸವೂ ಇದೆ. ಕೊಯ್ಲು ಶರತ್ಕಾಲದಲ್ಲಿ ಎಂದು ಅವರು ಹೇಳಿದ್ದಾರೆ. ಘಟ್ಟದ ಮೇಲಿನ ನಮ್ಮ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಹೀಗೆ ಒಪ್ಪುವುದನ್ನು ಒಪ್ಪಿ, ಹೊಂದದ್ದನ್ನು ಗುರುತು ಹಾಕಿಕೊಳ್ಳುವುದೇ ನಿಜವಾದ ಓದು.

ಕಳೆದುಕೊಂಡದ್ದು

ಕಲ್ಲಿಕೋಟೆಯಲ್ಲಿ ಅವರ ಅದೃಷ್ಟ ಕೈಕೊಟ್ಟಿತು. ಚೀನಾಕ್ಕೆ ಹೊರಡಬೇಕಾದ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ಚಕ್ರವರ್ತಿಗೆಂದು ತಂದ ಕಾಣಿಕೆಗಳು, ಜೊತೆಯಲ್ಲಿದ್ದವರು ಕಡಲಪಾಲಾದರು. ಜುಮಾ ನಮಾಜಿಗಾಗಿ ದಡದಲ್ಲೇ ಉಳಿದಿದ್ದ ಇಬ್ನ್ ಬತೂತ ಬದುಕಿಕೊಂಡರು. ಅವರ ಸ್ವಂತ ಸಾಮಾನಿದ್ದ ಇನ್ನೊಂದು ಹಡಗು ಅವರನ್ನು ಬಿಟ್ಟು ಹೊರಟೇ ಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಹಾಸಿಗೆಯ ಚಾಪೆ.

ದಿಲ್ಲಿಗೆ ಹಿಂತಿರುಗಲು ಸುಲ್ತಾನನ ಭಯ. ಅವರು ಹೊನ್ನಾವರಕ್ಕೆ ಬಂದು ಜಮಾಲುದ್ದೀನನ ಆಶ್ರಯ ಪಡೆದರು. 52 ಹಡಗುಗಳೊಡನೆ ಅವನು ಗೋವೆಯ ಮೇಲೆ ಹೋದಾಗ ತಾವೂ ಹೋದರು. ಮುಂದೆ ಮಾಲ್ಡೀವ್ಸ್ ದ್ವೀಪಗಳಲ್ಲಿ ಖಾಝಿಯಾದರು, ಸಿಂಹಳಕ್ಕೂ ಮಧುರೆಗೂ ಹೋದರು. ಮಧುರೆಯ ಕಡೆಯಿಂದ ಕೊಲ್ಲಂಗೆ ಬಂದು ಮತ್ತೆ ಹೊನ್ನಾವರಕ್ಕೆ ಬರುವ ದಾರಿಯಲ್ಲಿ, ಹೊನ್ನಾವರ ಮತ್ತು ಬಾರ್ಕೂರಿನ ನಡುವೆ, ಕಡಲ್ಗಳ್ಳರ 12 ಹಡಗುಗಳು ಅವರನ್ನು ಮುತ್ತಿದವು. ಸಿಂಹಳದ ರಾಜ ಕೊಟ್ಟ ರತ್ನಗಳು, ಬಟ್ಟೆಬರೆ ಎಲ್ಲ ಹೋದವು. ಮೈಮೇಲೆ ಉಳಿದದ್ದು ಇಜಾರ ಮಾತ್ರ. ಬುಖಾರಾದಲ್ಲಿ ಆಲಿಮರ ಗೋರಿಗಳ ಮೇಲಿದ್ದ ಬರಹಗಳನ್ನು ಅವರು ಪ್ರತಿ ಮಾಡಿಕೊಂಡಿದ್ದರು. ಹೀಗೆ ಕಡಲಿನಲ್ಲಿ ಆದ ದರೋಡೆಯಲ್ಲಿ ಆ ಕಾಗದಗಳೂ ಹೋದವು. ಹಣ ಹೋದದ್ದಕ್ಕಿಂತ ಬರೆದಿಟ್ಟದ್ದು ಹೋದ ನೋವು ಓದು ಬರಹದವರಿಗೆ ಗೊತ್ತು.

ಆದರೂ ಅವರು ನಿಲ್ಲಲಿಲ್ಲ. ಬಂಗಾಳ, ಸುಮಾತ್ರಾ, ಚೀನಾ ನೋಡಿ ಹಿಂದಿರುಗಿದರು. 1348ರಲ್ಲಿ ದಮಾಸ್ಕಸ್ಸಿನಲ್ಲಿ, ತಂದೆ ತೀರಿಕೊಂಡು ಹದಿನೈದು ವರ್ಷಗಳಾದವೆಂಬ ಸುದ್ದಿ ತಿಳಿಯಿತು. 1349ರಲ್ಲಿ ಮೊರಾಕೊ ತಲುಪುವಾಗ, ಮನೆ ಇನ್ನೇನು ಕೆಲವೇ ದಿನಗಳ ದಾರಿ ಎನ್ನುವಾಗ, ತಾಯಿ ಪ್ಲೇಗಿನಿಂದ ತೀರಿಕೊಂಡ ಸುದ್ದಿ ಬಂತು. ಲೋಕವನ್ನೆಲ್ಲ ಕಂಡ ಮಗನಿಗೆ ತಾಯಿಯ ಮುಖ ಕಾಣುವುದು ಆಗಲಿಲ್ಲ.

ಸಾಕ್ಷಿಯ ಪರೀಕ್ಷೆ

ಅನಂತರ ಸ್ಪೇನಿನ ಗ್ರನಾಡಾ, ಸಹಾರಾ ಮರುಭೂಮಿಯಾಚೆಯ ಮಾಲಿ ರಾಜ್ಯಗಳನ್ನೂ ನೋಡಿ ಬಂದ ಮೇಲೆ, ಸುಲ್ತಾನ್ ಅಬೂ ಇನಾನನ ಅಪ್ಪಣೆಯಂತೆ ಇಬ್ನ್ ಬತೂತ ತಮ್ಮ ಯಾತ್ರೆಯನ್ನು ಹೇಳುತ್ತ ಹೋದರು. ಇಬ್ನ್ ಜುಝೈ ಎಂಬ ವಿದ್ವಾಂಸ ಬರೆದುಕೊಂಡ. 1355ರ ಡಿಸೆಂಬರ್‌ನಲ್ಲಿ ಮುಗಿದ ಆ ಗ್ರಂಥವನ್ನು ಜನ ರಿಹ್ಲಾ ಎಂದು ಕರೆಯುತ್ತಾರೆ.

ಆದರೆ ಅವರ ಊರಿನವರು ನಂಬಿದರೇ? ಮಹಾ ಇತಿಹಾಸಕಾರ ಇಬ್ನ್ ಖಲ್ದೂನ್ ತಮ್ಮ ಮುಖದ್ದಿಮಾ ಗ್ರಂಥದಲ್ಲಿ ಈ ಸಂಗತಿಯನ್ನು ಬರೆದಿಟ್ಟಿದ್ದಾರೆ. ಹಿಂದೂಸ್ತಾನದ ಸುಲ್ತಾನನ ವೈಭವದ ಕತೆಗಳನ್ನು ಕೇಳಿ ದರ್ಬಾರಿನವರು ಇದೆಲ್ಲ ಸುಳ್ಳೆಂದು ಪಿಸುಗುಟ್ಟಿದರು. ಯುವಕರಾಗಿದ್ದ ಇಬ್ನ್ ಖಲ್ದೂನರಿಗೂ ಅನುಮಾನವೇ ಇತ್ತು. ಅವರು ವಜೀರ ಫಾರಿಸನ ಬಳಿ ಅದನ್ನು ತೋಡಿಕೊಂಡಾಗ ಅವನು ಒಂದು ದೃಷ್ಟಾಂತ ಹೇಳಿದ. ಒಬ್ಬ ಮಂತ್ರಿ ಸೆರೆಮನೆ ಸೇರಿದ. ಅವನ ಮಗ ಅಲ್ಲೇ ಬೆಳೆದ. ಊಟದಲ್ಲಿ ಬರುವ ಮಾಂಸ ಯಾವುದರದ್ದೆಂದು ಹುಡುಗ ಕೇಳಿದಾಗ ತಂದೆ ಕುರಿಯನ್ನು ವರ್ಣಿಸಿದ. ಸೆರೆಮನೆಯಲ್ಲಿ ಇಲಿಯ ಹೊರತು ಬೇರೆ ಪ್ರಾಣಿಯನ್ನು ಕಾಣದ ಹುಡುಗ ಕುರಿಯೂ ಇಲಿಯ ಹಾಗೇ ಇರಬೇಕೆಂದುಕೊಂಡ. ತಾನು ಕಂಡಿಲ್ಲ ಎಂಬ ಒಂದೇ ಕಾರಣಕ್ಕೆ ಕಂಡವರ ಮಾತನ್ನು ತಳ್ಳಿಹಾಕುವವರು ಈ ಹುಡುಗನಂತೆ ಎಂಬುದು ವಜೀರನ ಇಂಗಿತ. ಹಾಗೆಂದು ಕೇಳಿದ್ದನ್ನೆಲ್ಲ ನಂಬಬೇಕೆಂದೂ ಇಬ್ನ್ ಖಲ್ದೂನ್ ಹೇಳಲಿಲ್ಲ. ಆಗಬಹುದಾದದ್ದು ಯಾವುದು, ಆಗಲಾರದ್ದು ಯಾವುದು ಎಂದು ತೂಗಿ ನೋಡಬೇಕೆಂದರು.

ಇಂದಿನ ವಿದ್ವಾಂಸರೂ ಹಾಗೆಯೇ ತೂಗಿದ್ದಾರೆ. ವೋಲ್ಗಾ ತೀರದ ಬಲ್ಗಾರ್ ಪಟ್ಟಣಕ್ಕೆ ಹೋಗಿಬಂದೆವೆಂಬ ಭಾಗವನ್ನು ಹೆಚ್ಚಿನವರು ಒಪ್ಪುವುದಿಲ್ಲ. ಮಕ್ಕಾ, ದಮಾಸ್ಕಸ್‌ಗಳ ವರ್ಣನೆಯಲ್ಲಿ ಇಬ್ನ್ ಜುಬೈರ್ ಎಂಬ ಹಿಂದಿನ ಯಾತ್ರಿಕರ ಗ್ರಂಥದಿಂದ ತೆಗೆದುಕೊಂಡದ್ದು ಬಹಳ ಇದೆ. ಆದರೆ ಮೆಣಸಿನ ವಿಷಯಕ್ಕೆ ಬಂದಾಗ ಮಾತ್ರ ಇಬ್ನ್ ಬತೂತರ ಪರವಾಗಿ ಸಾಕ್ಷಿ ಹೇಳಲು ಪಂಡಿತರೇ ಬೇಕೆಂದಿಲ್ಲ. ನಿಟ್ಟೂರಿನ ಐದನೆಯ ತರಗತಿಯ ಮಗು ಸಾಕು.

ನಮ್ಮ ತರಗತಿಯಲ್ಲಿ

ಇದನ್ನು ನಾನು ಕಲಿತದ್ದು ಮಕ್ಕಳಿಂದಲೇ. ಒಮ್ಮೆ ಊರಿನಿಂದ ಬರುವಾಗ ಪೇಟೆಯ ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕಾಳುಮೆಣಸಿನ ಪೊಟ್ಟಣ ಕೊಂಡಿದ್ದೆ. ಈ ಪಾಠ ಹೇಳುವಾಗ ಅದನ್ನೇ ಮೇಜಿನ ಮೇಲೆ ಸುರಿದು ತೋರಿಸಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬೆರಳಿನಿಂದ ಒಂದೊಂದೇ ಕಾಳು ಬೇರೆ ಮಾಡತೊಡಗಿದಳು. ಅವಳು ಬೇರೆ ಇಟ್ಟದ್ದು ಪಪ್ಪಾಯಿಯ ಬೀಜ. ಬಿ.ಎಡ್. ಓದಿದ ಮೇಷ್ಟರಿಗೆ ತಿಳಿಯದ್ದು ದಿನವೂ ಅಂಗಳದಲ್ಲಿ ಕಾಳು ಮಗುಚುವ ಕೈಗೆ ತಿಳಿದಿತ್ತು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಅಂದು ನಾವು ಪರೀಕ್ಷೆ ಮಾಡಿದ ಕ್ರಮ ಹೀಗಿತ್ತು. ಮೊದಲು ಕಣ್ಣು: ಮೆಣಸು ಗುಂಡಗೆ, ಮೇಲೆ ಬಲೆಯಂತೆ ಆಳವಾದ ಸುಕ್ಕು; ಪಪ್ಪಾಯಿ ಬೀಜ ಸ್ವಲ್ಪ ಉದ್ದ, ಮೊಟ್ಟೆಯಾಕಾರ. ಆಮೇಲೆ ನೀರು: ಚೆನ್ನಾಗಿ ಬಲಿತ ಕಾಳು ಮುಳುಗುತ್ತದೆ, ಒಣಗಿದ ಪಪ್ಪಾಯಿ ಬೀಜ ತೇಲುತ್ತದೆ. ಆದರೆ ಬಲಿಯದ ಜೊಳ್ಳು ಮೆಣಸೂ ತೇಲುವುದರಿಂದ ನೀರೊಂದನ್ನೇ ನಂಬಬಾರದು. ಕೊನೆಗೆ ಒಡೆದು ನೋಡುವುದು: ಮೆಣಸಿನ ಒಳಗೆ ಬಿಳಿಚಾದ ತಿರುಳು, ನಡುವೆ ಸಣ್ಣ ಟೊಳ್ಳು, ಮೂಗಿಗೆ ಆ ಪರಿಮಳ, ನಾಲಿಗೆಗೆ ಆ ಖಾರ. ಈ ಖಾರಕ್ಕೆ ಕಾರಣ ಪೈಪರೀನ್ ಎಂಬ ವಸ್ತು. ಅದನ್ನು 1819ರಲ್ಲಿ ಮೊದಲು ಬೇರ್ಪಡಿಸಿದವರು ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್.

ಪುಡಿ ಮಾಡಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅದಕ್ಕಾಗಿ ಸೂಕ್ಷ್ಮದರ್ಶಕ ಬೇಕು, ರಾಸಾಯನಿಕ ಪರೀಕ್ಷೆ ಬೇಕು. ಪುಡಿಯಲ್ಲಿ ಬೆರೆತ ಪಪ್ಪಾಯಿ ಬೀಜವನ್ನು ಡಿಎನ್‌ಎ ಮೂಲಕ ಹಿಡಿಯುವ ವಿಧಾನವನ್ನು ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದಾರೆ. ಆ ಸಂಸ್ಥೆ ಇರುವುದು ಕಲ್ಲಿಕೋಟೆಯಲ್ಲಿ, ಇಬ್ನ್ ಬತೂತ ಮೆಣಸನ್ನು ಅಳೆಯುವುದನ್ನು ಕಂಡ ಅದೇ ಊರಿನಲ್ಲಿ. ಔಷಧಿ ಅಂಗಡಿಗೂ ಇದು ಮುಖ್ಯ. ಯುನಾನಿ ಹಕೀಮರು ಫಿಲ್‌ಫಿಲ್ ಸಿಯಾಹ್ ಎಂದು, ಆಯುರ್ವೇದದವರು ಮರೀಚ ಎಂದು ಬರೆಯುವುದು ಇದೇ ಕಾಳನ್ನು. ಚೀಟಿಯಲ್ಲಿ ಹೆಸರು ಸರಿ ಇದ್ದು ಪೊಟ್ಟಣದಲ್ಲಿ ವಸ್ತು ಬೇರೆ ಇದ್ದರೆ ಔಷಧಿಯಿಂದ ಏನು ಪ್ರಯೋಜನ? ಇತ್ತ ಬೆವರು ಸುರಿಸಿ ಶುದ್ಧ ಕಾಳು ಒಣಗಿಸಿದ ನಮ್ಮ ರೈತನ ಮಾಲಿಗೂ ಕೆಟ್ಟ ಹೆಸರು.

ಕೊನೆಯ ಮಾತು

ಇಬ್ನ್ ಬತೂತ ಕೊನೆಯ ವರ್ಷಗಳಲ್ಲಿ ಮೊರಾಕೊದ ಒಂದು ಊರಿನಲ್ಲಿ ಖಾಝಿಯಾಗಿದ್ದು 1368–69ರ ಸುಮಾರಿಗೆ ತೀರಿಕೊಂಡರು. ಅವರು ಒಟ್ಟು ಸುಮಾರು 1,17,000 ಕಿಲೋಮೀಟರ್ ಪ್ರಯಾಣ ಮಾಡಿದರೆಂದು ಲೆಕ್ಕ ಹಾಕುತ್ತಾರೆ. ಅಷ್ಟು ದೂರ ಹೋಗುವುದು ನಮ್ಮಲ್ಲಿ ಹೆಚ್ಚಿನವರಿಗೆ ಸಾಧ್ಯವಾಗಲಿಕ್ಕಿಲ್ಲ. ಆದರೆ ಖಾಝಿಯ ಕೆಲಸವೇನು? ಸಾಕ್ಷಿಯನ್ನು ವಿಚಾರಿಸದೆ ತೀರ್ಪು ಕೊಡದಿರುವುದು. ಮೆಣಸಿನ ಕಾಳಿನ ವಿಷಯದಲ್ಲೂ ಅವರು ಖಾಝಿಯಾಗಿಯೇ ನಡೆದುಕೊಂಡರು. ಊರೆಲ್ಲ ನಂಬಿದ ಮಾತನ್ನು ಬದಿಗಿಟ್ಟು ಚಾಪೆಯ ಬಳಿಗೆ ಹೋಗಿ ನೋಡಿದರು.

ಪ್ರೀತಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಂಗಳದಲ್ಲೂ ಆ ಚಾಪೆ ಇದೆ. ಪುಸ್ತಕದಲ್ಲಿ ಓದಿದ್ದನ್ನು ಅಲ್ಲಿ ನೋಡಿ, ಅಲ್ಲಿ ಕಂಡದ್ದನ್ನು ಪುಸ್ತಕದಲ್ಲಿ ಹುಡುಕಿ, ಎರಡೂ ಹೊಂದದಿದ್ದರೆ ಗುರುಗಳನ್ನು ಧೈರ್ಯವಾಗಿ ಕೇಳಿ. ಗುರುಗಳಿಗೂ ತಿಳಿಯದಿದ್ದರೆ, ಆ ಹುಡುಗಿಯ ಹಾಗೆ, ಒಂದೊಂದೇ ಕಾಳನ್ನು ಬೇರೆ ಮಾಡಿ ತೋರಿಸಿ.